ಬಂದೇನವಾಜರ ದರ್ಗಾಕ್ಕೆ ಹೋಗುವ ಮುನ್ನ

2022ರ ಜೂನ್ ತಿಂಗಳಲ್ಲಿ ಕಲಬುರಗಿಯಲ್ಲಿ ಸೂಫಿ ಸಂತ ಖಾಜಾ ಬಂದೇನವಾಜರ 618ನೇ ಉರುಸು, ಅಂದರೆ ಅವರು ತೀರಿಕೊಂಡ ದಿನದ ಉತ್ಸವ, ನಡೆಯಿತು. ಅವರು ತೀರಿಕೊಂಡದ್ದು 1422ರ ನವೆಂಬರ್ 1ರಂದು. ಕಳೆದು ನೋಡಿದರೆ 600 ವರ್ಷ. ಹಾಗಾದರೆ ಹೆಚ್ಚುವರಿ ಹದಿನೆಂಟು ಎಲ್ಲಿಂದ ಬಂದವು?

ಮುಸ್ಲಿಮರ ಹಿಜರಿ ಪಂಚಾಂಗದಿಂದ. ಅದರಲ್ಲಿ ವರ್ಷಕ್ಕೆ ಸುಮಾರು 354 ದಿನ. ನಮ್ಮ ಚಾಂದ್ರಮಾನದಲ್ಲಿ ಅಧಿಕ ಮಾಸ ಸೇರಿಸಿ ಋತುವಿಗೆ ಸರಿಹೊಂದಿಸಿಕೊಳ್ಳುತ್ತೇವೆ. ಹಿಜರಿಯಲ್ಲಿ ಆ ಪದ್ಧತಿ ಇಲ್ಲ. ಹೀಗಾಗಿ ಪ್ರತಿ ವರ್ಷವೂ ಹತ್ತು-ಹನ್ನೊಂದು ದಿನ ಹಿಂದೆ ಸರಿಯುತ್ತ, ಮೂವತ್ಮೂರು ವರ್ಷಕ್ಕೆ ಒಂದು ಇಡೀ ವರ್ಷವೇ ಮುಂದಾಗಿಬಿಡುತ್ತದೆ. ಬಂದೇನವಾಜರು ತೀರಿಕೊಂಡದ್ದು ಹಿಜರಿ 825ರ ಜಿಲ್ಕದ್ ತಿಂಗಳ 16ರಂದು. 2022ರಲ್ಲಿ ನಡೆಯುತ್ತಿದ್ದದ್ದು ಹಿಜರಿ 1443. ಈಗ ಕಳೆದು ನೋಡಿ. ಅವರು ಬದುಕಿದ್ದು ಒಂದು ಪುಸ್ತಕದಲ್ಲಿ 101 ವರ್ಷ, ಇನ್ನೊಂದರಲ್ಲಿ 104 ಎಂದಿದ್ದರೆ ಎರಡೂ ಸರಿ. ಸೂರ್ಯನ ಲೆಕ್ಕ ಒಂದು, ಚಂದ್ರನ ಲೆಕ್ಕ ಇನ್ನೊಂದು.

ದರ್ಗಾದಲ್ಲಿ ಕಣ್ಣಿಗೆ ಬೀಳುವ ಬಹಳಷ್ಟು ಸಂಗತಿಗಳಿಗೆ ಹೀಗೆ ಒಳಗೊಂದು ಲೆಕ್ಕ ಇದೆ. ಆದರೆ ಉರುಸು ಬಂದಾಗಲೆಲ್ಲ ನಮ್ಮ ಪತ್ರಿಕೆಗಳು 'ಭಾವೈಕ್ಯದ ಸಂಕೇತ' ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತವೆ. ಮಾತು ಸುಳ್ಳಲ್ಲ. ಅಲ್ಲಿಗೆ ಎಲ್ಲ ಜಾತಿ-ಮತದವರೂ ಹೋಗುತ್ತಾರೆ, ಹರಕೆ ಹೊರುತ್ತಾರೆ. ಆದರೆ ಅದು ಯಾಕೆ ಹಾಗಾಯಿತು ಎಂಬುದನ್ನು ಆ ಮಾತು ಹೇಳುವುದಿಲ್ಲ. ಅರಬ್ಬಿ-ಪಾರಸಿಯ ಘನ ವಿದ್ವಾಂಸ, ಷರೀಯತ್ತಿನ, ಅಂದರೆ ಇಸ್ಲಾಮಿನ ಧರ್ಮನಿಯಮಗಳ, ವಿಷಯದಲ್ಲಿ ಬಿಗಿಯಾಗಿದ್ದ ಮನುಷ್ಯ, ಎಂಬತ್ತರ ಹತ್ತಿರದ ವಯಸ್ಸಿನಲ್ಲಿ ದಿಲ್ಲಿ ಬಿಟ್ಟು ಬಂದವರು. ಜೋಳ ಬೀಸುವ ಹೆಣ್ಣುಮಕ್ಕಳ ನಾಲಿಗೆಯ ಮೇಲೆ ಅವರು ಕೂತದ್ದು ಹೇಗೆ? ಭಾವೈಕ್ಯ ಎಂಬ ಪದಕ್ಕಿಂತ ಈ ಪ್ರಶ್ನೆ ನನಗೆ ಹೆಚ್ಚು ಕುತೂಹಲದ್ದು.

ದಿಲ್ಲಿಯಿಂದ ಬಂದ ಮುದುಕ

ಅವರ ನಿಜ ಹೆಸರು ಸೈಯದ್ ಮುಹಮ್ಮದ್ ಹುಸೇನಿ. ಹುಟ್ಟಿದ್ದು 1321ರಲ್ಲಿ, ದಿಲ್ಲಿಯಲ್ಲಿ. ಮುಹಮ್ಮದ್ ಬಿನ್ ತುಘಲಕ್ ರಾಜಧಾನಿಯನ್ನು ದೇವಗಿರಿಗೆ ಎತ್ತಿಕೊಂಡು ಹೋದ ಕಥೆ ಶಾಲೆಯಲ್ಲಿ ಓದಿದ್ದೇವಲ್ಲ, ಆಗ ದಿಲ್ಲಿಯಿಂದ ಹೊರಟ ಕುಟುಂಬಗಳಲ್ಲಿ ಇವರದೂ ಒಂದು. ತಂದೆ ದಖ್ಖಣದಲ್ಲೇ ತೀರಿಕೊಂಡರು. ಸಮಾಧಿ ದೌಲತಾಬಾದಿನ ಪಕ್ಕದ ಖುಲ್ದಾಬಾದಿನಲ್ಲಿದೆ. ಹುಡುಗ ಹದಿನೈದರ ಸುಮಾರಿಗೆ ದಿಲ್ಲಿಗೆ ಮರಳಿ ನಸೀರುದ್ದೀನ್ ಚಿರಾಗ್ ದೆಹಲವಿಯವರ ಶಿಷ್ಯನಾದ.

ಇಲ್ಲಿ ಸಿಲ್ಸಿಲಾ ಎಂಬುದನ್ನು ತಿಳಿದುಕೊಳ್ಳಬೇಕು. ಸೂಫಿಗಳಲ್ಲಿ ಅಧಿಕಾರ ಬರುವುದು ಗುರುವಿನ ಕೈಯಿಂದ, ಆ ಗುರುವಿಗೆ ಅವರ ಗುರುವಿನಿಂದ. ಈ ಸರಪಳಿಯನ್ನು ಹಿಂದಕ್ಕೆ ಹಿಡಿದುಕೊಂಡು ಹೋದರೆ ಪ್ರವಾದಿಯವರೆಗೆ ಮುಟ್ಟಬೇಕು. ಬಂದೇನವಾಜರ ಸರಪಳಿ ಚಿಶ್ತಿಯವರದು: ಅಜ್ಮೀರದ ಮೊಯಿನುದ್ದೀನ್, ಅವರಿಂದ ದಿಲ್ಲಿಯ ಕುತುಬುದ್ದೀನ್ ಬಖ್ತಿಯಾರ್ ಕಾಕಿ, ಅವರಿಂದ ಪಂಜಾಬಿನ ಬಾಬಾ ಫರೀದ್, ಅವರಿಂದ ನಿಜಾಮುದ್ದೀನ್ ಔಲಿಯಾ, ಅವರಿಂದ ಚಿರಾಗ್ ದೆಹಲವಿ, ಅವರಿಂದ ಇವರು. ಕಲಬುರಗಿಯ ದರ್ಗಾದ ಹೊಸ್ತಿಲಲ್ಲಿ ನಿಂತವನು ಅಜ್ಮೀರದವರೆಗಿನ ಒಂದು ಹಗ್ಗದ ತುದಿ ಹಿಡಿದಂತೆ. ಭಕ್ತರಿಗೆ ಇದು ಇತಿಹಾಸ ಮಾತ್ರವಲ್ಲ, ಬರಕತ್ತು, ಅಂದರೆ ದೈವಕೃಪೆ, ಹರಿದು ಬರುವ ದಾರಿ.

ಈ ಹಗ್ಗ ಒಂದು ಕಡೆ ಕಡಿಯುವುದರಲ್ಲಿತ್ತು ಎಂಬುದು ಸ್ವಾರಸ್ಯ. ಚಿರಾಗ್ ದೆಹಲವಿ 1356ರಲ್ಲಿ ತೀರಿಕೊಳ್ಳುವಾಗ ತಮ್ಮ ಗುರುವಿನಿಂದ ಬಂದಿದ್ದ ನಿಲುವಂಗಿ, ಕೋಲು, ಜಪಮಾಲೆಗಳನ್ನು ಯಾರಿಗೂ ಕೊಡದೆ ತಮ್ಮ ಜೊತೆಗೇ ಹೂಳಲು ಹೇಳಿದರಂತೆ. ಗುರುವಿನ ಮೈ ತೊಳೆದ ಸೈಯದ್ ಮುಹಮ್ಮದ್, ಮೈ ತೊಳೆದ ಮಂಚದ ಹಗ್ಗಗಳನ್ನೇ ಬಿಚ್ಚಿ ಕೊರಳಿಗೆ ಹಾಕಿಕೊಂಡು ತನಗೆ ಇದೇ ಸಾಕು ಎಂದರು ಎಂಬ ಐತಿಹ್ಯ ಇದೆ. ಅವರಿಗೆ ಇರುವ ಇನ್ನೊಂದು ಹೆಸರು ಗೇಸೂದರಾಜ್, ಅಂದರೆ ನೀಳಗೂದಲಿನವರು. ಗುರುವಿನ ಪಲ್ಲಕ್ಕಿ ಹೊರುವಾಗ ಕೂದಲು ದಂಡಿಗೆಗೆ ಸಿಕ್ಕಿಕೊಂಡರೂ, ನಿಂತರೆ ಗುರುವಿಗೆ ತೊಂದರೆ ಎಂದು ಬಿಡಿಸಿಕೊಳ್ಳದೆ ನಡೆದರು ಎಂಬ ಕಥೆ ಆ ಹೆಸರಿನ ಹಿಂದಿದೆ. ಇದನ್ನು ಪುರಾಣ ಎಂದು ತಳ್ಳಿಹಾಕುವವರು ಹಾಕಲಿ. ಆದರೆ ಸೂಫಿ ಪಂಥದಲ್ಲಿ ಶಿಷ್ಯತನ ಅಂದರೆ ಏನು ಎಂಬುದನ್ನು ಇದಕ್ಕಿಂತ ಚುಟುಕಾಗಿ ಹೇಳುವುದು ಕಷ್ಟ.

1398ರ ಕೊನೆಗೆ ತೈಮೂರ್ ದಿಲ್ಲಿಯ ಮೇಲೆ ಎರಗಿದ. ಆಗ ಇವರು ಊರು ಬಿಟ್ಟರು. ಗ್ವಾಲಿಯರ್, ಚಂದೇರಿ, ಗುಜರಾತು, ದೌಲತಾಬಾದ್ ಹೀಗೆ ಸುತ್ತಿ 1400ರ ಸುಮಾರಿಗೆ ಕಲಬುರಗಿ ಮುಟ್ಟಿದರು. ಹೆಚ್ಚಿನವರು ಎಲ್ಲ ಮುಗಿಯಿತು ಎನ್ನುವ ವಯಸ್ಸು. ಅಲ್ಲಿಂದ ಮುಂದೆ ಅವರು ಇಪ್ಪತ್ತೆರಡು ವರ್ಷ ಬದುಕಿದರು, ಬೋಧಿಸಿದರು, ಬರೆದರು, ಒಬ್ಬ ದೊರೆಯೊಡನೆ ಜಗಳವನ್ನೂ ಮಾಡಿಕೊಂಡರು.

ಸಂತ ಮತ್ತು ಸುಲ್ತಾನ

ಆ ದೊರೆ ಫಿರೋಜ್ ಶಾ ಬಹಮನಿ. ಸಾಮಾನ್ಯ ದೊರೆಯಲ್ಲ. ಹಲವು ಭಾಷೆ ಬಲ್ಲವನು, ಖಗೋಳದಲ್ಲಿ ಆಸಕ್ತಿ. ದೌಲತಾಬಾದಿನಲ್ಲಿ ವೀಕ್ಷಣಾಲಯ ಕಟ್ಟಿಸಲು ಹೊರಟಿದ್ದ. ದಿಲ್ಲಿಯ ಇಷ್ಟು ದೊಡ್ಡ ಸಂತರು ತನ್ನ ಊರಿಗೆ ಬರುತ್ತಾರೆ ಎಂದಾಗ ಸಂಭ್ರಮದಿಂದ ಎದುರುಗೊಂಡ. ಆದರೆ ತರ್ಕ, ತತ್ತ್ವ, ಲೌಕಿಕ ಶಾಸ್ತ್ರಗಳಲ್ಲಿ ತಾನು ಬಯಸಿದ ಸರಕು ಇವರಲ್ಲಿಲ್ಲ ಎಂದು ಅವನಿಗೆ ಅನಿಸಿತೆಂದು ಚರಿತ್ರೆಕಾರ ಫಿರಿಶ್ತಾ ಬರೆಯುತ್ತಾನೆ. ದೊರೆಯ ತಮ್ಮ ಅಹ್ಮದ್ ಮಾತ್ರ ಸಂತರಿಗೆ ಮಾರುಹೋದ, ಅವರಿಗೆ ಖಾನಖಾ ಕಟ್ಟಿಸಿಕೊಟ್ಟ. ಖಾನಖಾ ಎಂದರೆ ಸೂಫಿ ಗುರು-ಶಿಷ್ಯರ ವಾಸ, ಪಾಠ, ಊಟ ಎಲ್ಲ ನಡೆಯುವ ಮನೆ. ನಮ್ಮ ಮಠಕ್ಕೆ ತೀರ ದೂರದ್ದೇನಲ್ಲ.

ಮುರಿದುಬಿದ್ದದ್ದು ಉತ್ತರಾಧಿಕಾರದ ಮಾತಿನಲ್ಲಿ. ತನ್ನ ಮಗ ಹಸನ್‌ಖಾನನನ್ನು ಮುಂದಿನ ದೊರೆ ಎಂದು ಹರಸಿ ಎಂದು ಫಿರೋಜ್ ಕೇಳಿಸಿದ. ಸಂತರು ಒಪ್ಪಲಿಲ್ಲ, ಪಟ್ಟ ಅಹ್ಮದನಿಗೆ ಎಂದು ವಿಧಿ ನಿರ್ಧರಿಸಿದೆ ಎಂದರು. ಕೋಟೆಯ ಪಕ್ಕದಲ್ಲಿ ಇಷ್ಟೊಂದು ಜನ ಸೇರುವುದು ಸರಿಯಲ್ಲ ಎಂಬ ನೆಪದಿಂದ ಅವರನ್ನು ಅಲ್ಲಿಂದ ಎಬ್ಬಿಸಲಾಯಿತು. ಅವರು ಹೋಗಿ ನೆಲೆಸಿದ ಜಾಗವೇ ಇಂದಿನ ದರ್ಗಾದ ಜಾಗ. ಇಂದು ನಾವು ಕೋಟೆಯಿಂದ ಅಷ್ಟು ದೂರ ಆಟೋ ಹಿಡಿದು ಹೋಗಬೇಕಾಗಿರುವುದಕ್ಕೆ ಆ ಹಳೆಯ ಮುನಿಸೇ ಕಾರಣ.

1422ರ ಸೆಪ್ಟೆಂಬರಿನಲ್ಲಿ ಅಹ್ಮದ್ ಪಟ್ಟಕ್ಕೆ ಬಂದ. ಅಕ್ಟೋಬರಿನಲ್ಲಿ ಫಿರೋಜ್ ಸತ್ತ. ನವೆಂಬರ್ 1ಕ್ಕೆ ಸಂತರೂ ಹೋದರು. ಹೊಸ ದೊರೆ ತನ್ನ ಗುರುವಿಗೆ ಎರಡಂತಸ್ತಿನ ಗೋಡೆಯ, ದೊಡ್ಡ ಗುಮ್ಮಟದ ಸಮಾಧಿ ಕಟ್ಟಿಸಿದ, ಕುಟುಂಬಕ್ಕೆ ಜಮೀನು ಬಿಟ್ಟ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಸೂಫಿ ಎಂದರೆ ಅರಮನೆಯಿಂದ ದೂರ ಕೂತ ಬೈರಾಗಿ ಎಂಬ ಚಿತ್ರ ನಮ್ಮಲ್ಲಿ ಗಟ್ಟಿಯಾಗಿದೆ. ಇಲ್ಲಿ ಹಾಗಿರಲಿಲ್ಲ. ದೊರೆಗೆ ಸಂತರ ಆಶೀರ್ವಾದ ಬೇಕಿತ್ತು, ಯಾಕೆಂದರೆ ಜನ ಅದನ್ನು ನಂಬುತ್ತಿದ್ದರು. ಸಂತರ ಮನೆತನಕ್ಕೆ ದೊರೆಯ ಭೂಮಿ ಬೇಕಿತ್ತು, ಯಾಕೆಂದರೆ ಬಂದವರಿಗೆಲ್ಲ ಊಟ ಹಾಕಬೇಕಿತ್ತು. ಇದರಲ್ಲಿ ಅವಮಾನದ್ದೇನಿದೆ ಎಂದು ನನಗೆ ತಿಳಿಯುವುದಿಲ್ಲ. ನಮ್ಮ ಮಠ-ದೇವಸ್ಥಾನಗಳ ಶಾಸನಗಳನ್ನು ಓದಿದರೂ ಇದೇ ಕಥೆ.

ಮುಂದೆ ನಡೆದದ್ದು ಇನ್ನೂ ವಿಚಿತ್ರ. ಅಹ್ಮದ್ ಶಾ ರಾಜಧಾನಿಯನ್ನು ಬೀದರಿಗೆ ಸಾಗಿಸಿದ. ಇರಾನಿನ ಕಿರ್ಮಾನದ ಶಾ ನಿಯಾಮತುಲ್ಲಾ ಎಂಬ ಇನ್ನೊಬ್ಬ ಸೂಫಿಯ ಮನೆತನವನ್ನು ಕರೆಸಿಕೊಂಡು ಅವರಿಗೆ ಮನ್ನಣೆ ಕೊಡತೊಡಗಿದ. ಅರಮನೆ ಹೋಯಿತು, ಅರಮನೆಯ ಒಲವೂ ಹೋಯಿತು. ಆದರೂ ಕಲಬುರಗಿಗೆ ಜನ ಬರುವುದು ನಿಲ್ಲಲಿಲ್ಲ. ಎರಡು ಶತಮಾನದ ಬಳಿಕ ಬಿಜಾಪುರದಲ್ಲಿ ಕೂತು ಬರೆದ ಫಿರಿಶ್ತಾ, ದಖ್ಖಣದವರು ಈ ಸೈಯದರ ಮೇಲಿಟ್ಟಿದ್ದ ಭಕ್ತಿ ಎಲ್ಲೆ ಮೀರಿದ್ದೆಂದು ಬೆರಗಾಗುತ್ತಾನೆ. ಬಹಮನಿಗಳ ನಂತರ ಬಂದ ಆದಿಲ್ ಶಾಹಿಗಳು, ಮೊಗಲರು, ನಿಜಾಮರು ಎಲ್ಲರೂ ಇಲ್ಲಿ ಕೈಮುಗಿದವರೇ. ಅಂಗಳದ ಕಟ್ಟಡಗಳನ್ನು ಗಮನಿಸಿದರೆ ಒಂದೊಂದು ಕಾಲದ ಕೈ ಒಂದೊಂದು ಕಡೆ ಕಾಣುತ್ತದೆ.

ಇನ್ನು ಅಹ್ಮದ್ ಶಾನ ಕಥೆ. ಗುರುವಿಗೆ ಗುಮ್ಮಟ ಕಟ್ಟಿಸಿದವನು ತಾನೇ 'ವಲಿ', ಅಂದರೆ ಸಂತ, ಆಗಿಬಿಟ್ಟ. ಬೀದರಿನ ಅಷ್ಟೂರಿನಲ್ಲಿರುವ ಅವನ ಸಮಾಧಿಯಲ್ಲಿ ಲಿಂಗಾಯತ ಭಕ್ತರು ಅವನನ್ನು ಅಲ್ಲಮಪ್ರಭುವಿನ ರೂಪವೆಂದು ಪೂಜಿಸುತ್ತಾರೆ. ಅಲ್ಲಿಯ ಉರುಸು ನಡೆಯುವುದು ಹಿಂದೂ ಪಂಚಾಂಗದಂತೆ; ಅದಕ್ಕೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬರುತ್ತಾರೆ. ಅಧಿಕ ಮಾಸವಿಲ್ಲದ ಲೆಕ್ಕದಲ್ಲಿ ಗುರು, ಅಧಿಕ ಮಾಸವಿರುವ ಲೆಕ್ಕದಲ್ಲಿ ಶಿಷ್ಯ.

ಬೀಸುಕಲ್ಲಿನ ದಾರಿ

ಹಾಗಾದರೆ ಜನ ಹೇಗೆ ಸೇರಿಕೊಂಡರು? ಅವರ ಬರಹಗಳಿಂದಲ್ಲ ಎಂಬುದು ಖಚಿತ. ಅವು ಪಾರಸಿ, ಅರಬ್ಬಿಯವು. ಕುರಾನಿನ ವ್ಯಾಖ್ಯಾನ, ಸೂಫಿ ಶಾಸ್ತ್ರದ ಸೂಕ್ಷ್ಮಗಳು. ಎಲ್ಲವೂ ಒಂದೇ ಎನ್ನುವ ಧಾಟಿಯ, ಸೂಫಿ ಚಿಂತಕ ಇಬ್ನ್ ಅರಬಿಯ ಸಿದ್ಧಾಂತವನ್ನು ಅವರು ವಿರೋಧಿಸಿದವರು. ಬ್ರಾಹ್ಮಣ ಪಂಡಿತರೊಡನೆ ವಾದಕ್ಕಿಳಿಯುತ್ತಿದ್ದೆ, ಅದಕ್ಕಾಗಿ ಅವರ ಕಥೆ-ಶಾಸ್ತ್ರ ತಿಳಿದುಕೊಂಡಿದ್ದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಎಲ್ಲ ಧರ್ಮವೂ ಒಂದೇ ಎಂದು ಸಾರಿದ ಸಂತ ಎಂದು ಇವರನ್ನು ಇಂದು ಚಿತ್ರಿಸುವುದು ಅವರ ಬರಹಕ್ಕೆ ಮಾಡುವ ಅನ್ಯಾಯ.

ಬಾಗಿಲು ತೆರೆದದ್ದು ಹಾಡು. ಚಿಶ್ತಿಯವರಿಗೆ ಸಮಾ, ಅಂದರೆ ಹಾಡು ಕೇಳಿ ದೇವರ ಧ್ಯಾನದಲ್ಲಿ ಕರಗುವುದು, ಸಾಧನೆಯ ಭಾಗ. ಕಟ್ಟಾ ಮೌಲ್ವಿಗಳು ಇದನ್ನು ಆಕ್ಷೇಪಿಸುತ್ತಿದ್ದರು. ಷರೀಯತ್ತಿನಲ್ಲಿ ಬಿಗಿಯಾಗಿದ್ದ ಗೇಸೂದರಾಜರು ಇದೊಂದನ್ನು ಬಿಡಲಿಲ್ಲ. ಪಾರಸಿಗಿಂತ ಹಿಂದವಿ, ಅಂದರೆ ಆಗಿನ ಜನರ ಆಡುಮಾತಿನ, ಹಾಡು ಮನಸ್ಸನ್ನು ಹೆಚ್ಚು ಮೆತ್ತಗೆ ಮಾಡುತ್ತದೆ ಎಂಬರ್ಥದ ಅವರ ಮಾತು ದಾಖಲಾಗಿದೆ. ಜನರ ಭಾಷೆಗೆ ಆ ಮರ್ಯಾದೆ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ.

ಅದರ ಫಲವಾಗಿ ದಖ್ಖಣದ ಉರ್ದುವಾದ ದಖ್ಖನಿಯಲ್ಲಿ ಹುಟ್ಟಿಕೊಂಡ ಹಾಡುಗಳಲ್ಲಿ ಚಕ್ಕಿನಾಮಾ ಎಂಬುದೊಂದು ಪ್ರಕಾರ. ಚಕ್ಕಿ ಎಂದರೆ ಬೀಸುಕಲ್ಲು. ಕಲ್ಲಿನ ಗೂಟ ಅರಬ್ಬಿಯ ಮೊದಲ ಅಕ್ಷರ ಅಲಿಫ್‌ನಂತೆ ನೆಟ್ಟಗಿದೆ, ಅದೇ ಅಲ್ಲಾಹನ ಗುರುತು ಎನ್ನುತ್ತ ಬೀಸುವ ಕೆಲಸವನ್ನೇ ಧ್ಯಾನವಾಗಿಸುತ್ತವೆ ಈ ಹಾಡುಗಳು. ಕೆಲವನ್ನು ಬಂದೇನವಾಜರೇ ಕಟ್ಟಿದರೆಂಬ ನಂಬಿಕೆ ಇದೆ. ವಿದ್ವಾಂಸರು ಅದನ್ನು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ, ಅವರ ಹೆಸರಿನ ದಖ್ಖನಿ ಬರಹಗಳ ಬಗ್ಗೆಯೂ ಇದೇ ತಕರಾರು. ನನಗೆ ಕರ್ತೃ ಯಾರೆಂಬುದಕ್ಕಿಂತ ಆ ಹಾಡು ಯಾರ ಬಾಯಲ್ಲಿ ಉಳಿಯಿತು ಎಂಬುದು ಮುಖ್ಯ. ಬೆಳಗಿನ ಜಾವ ಜೋಳ ಬೀಸುವ ಹೆಣ್ಣುಮಗಳಿಗೆ ಪಾರಸಿ ಬೇಕಿರಲಿಲ್ಲ. ಪಕ್ಕದ ಮನೆಯಲ್ಲಿ ಕನ್ನಡದ ಬೀಸುವ ಪದ ನಡೆದಿರುತ್ತಿತ್ತು. ಇವಳು ಹಾಡುತ್ತ ಹಾಡುತ್ತ ಮಕ್ಕಳಿಗೂ ದಾಟಿಸಿದಳು. ದರ್ಗಾಕ್ಕೆ ಹರಕೆ ಹೊತ್ತು ಹೋಗುವುದನ್ನು ಮನೆಯ ಸಂಪ್ರದಾಯ ಮಾಡಿದ್ದು ಬಹುಪಾಲು ಹೆಂಗಸರೇ. ಉತ್ತರ ಕರ್ನಾಟಕದ ಹಿಂದೂ ಮನೆಗಳಲ್ಲಿ ಖಾಜಪ್ಪ, ಹುಸೇನಪ್ಪ, ಫಕೀರಪ್ಪ, ಫಕೀರವ್ವ ಎಂಬ ಹೆಸರು ಇಂದಿಗೂ ಕೇಳುತ್ತೇವಲ್ಲ, ಅವುಗಳ ಹಿಂದೆ ಸಾಮಾನ್ಯವಾಗಿ ಒಂದು ಹರಕೆ ಇರುತ್ತದೆ.

ಒಳಗೆ ಹೋದಾಗ

ಭೇಟಿಯ ಹಿಂದಿರುವ ನಂಬಿಕೆ ಸರಳವಾದದ್ದು. ದೇವರಿಗೆ ಹತ್ತಿರವಾದವನು ವಲಿ. ಅವನ ದೇಹ ಹೋಗಬಹುದು, ಸನ್ನಿಧಿ ಹೋಗುವುದಿಲ್ಲ. ಕೊಡುವವನು ದೇವರೇ, ವಲಿ ನಮ್ಮ ಪರವಾಗಿ ಒಂದು ಮಾತು ಹೇಳುವವನು. ಇದನ್ನು ವಸೀಲಾ ಎನ್ನುತ್ತಾರೆ. ಸಾವಿನ ದಿನವನ್ನು ಶೋಕದ ಬದಲು ಉರುಸು ಎಂದು ಆಚರಿಸುವುದೂ ಇದೇ ಕಾರಣಕ್ಕೆ. ಅದು ಆತ್ಮ ತನ್ನ ಪ್ರಿಯನನ್ನು ಸೇರಿದ ಮದುವೆಯ ದಿನ. ಎಲ್ಲ ಮುಸ್ಲಿಮರೂ ಇದನ್ನು ಒಪ್ಪುತ್ತಾರೆ ಎಂದುಕೊಳ್ಳಬೇಡಿ. ಗೋರಿಯ ಮುಂದೆ ಬೇಡುವುದು ದೇವರಿಗೆ ಸಮಾನರನ್ನು ಕಲ್ಪಿಸಿದಂತೆ ಎಂದು ಅಹ್ಲೆ ಹದೀಸ್‌ನಂಥ ಪಂಗಡದವರು ಗಟ್ಟಿಯಾಗಿ ವಿರೋಧಿಸುತ್ತಾರೆ. ಈ ವಾದ ಇಂದಿನದಲ್ಲ, ಮುಗಿಯುವಂಥದ್ದೂ ಅಲ್ಲ.

ಗೋರಿಯ ಮೇಲೆ ಹೊದಿಸುವ ಬಟ್ಟೆಗೆ ಚಾದರ, ನಮ್ಮ ಕಡೆ ಗಲೀಫು. ಹೂವು, ಊದುಬತ್ತಿ, ಸಕ್ಕರೆ ಅಂಗಡಿಗಳಲ್ಲೇ ಸಿಗುತ್ತವೆ. ಸಕ್ಕರೆ ಒಯ್ದರೆ ದರ್ಗಾದ ಸೇವೆಯಲ್ಲಿರುವ ಮುಜಾವರರು ಅದರ ಮೇಲೆ ಫಾತೇಹಾ ಎಂಬ ಪ್ರಾರ್ಥನೆ ಓದಿ ಸ್ವಲ್ಪ ತೆಗೆದು ಉಳಿದದ್ದನ್ನು ಮರಳಿಸುತ್ತಾರೆ. ಹಳ್ಳಿಯವರ ಮಾತಿನಲ್ಲಿ 'ಸಕ್ಕರಿ ಓದಿಸೋದು'. ಹರಕೆ ತೀರಿದಾಗ ಕುರಿ ಕಡಿದು ಬಂಧುಬಳಗಕ್ಕೆಲ್ಲ ಉಣಿಸುವುದು ಕಂದೂರಿ. ದರ್ಗಾದ ಮುಖ್ಯಸ್ಥರು ಸಜ್ಜಾದಾ ನಶೀನ್, ಸಂತರ ವಂಶದವರು. ಈ ಮನೆತನ ದರ್ಗಾಕ್ಕಷ್ಟೇ ನಿಂತಿಲ್ಲ. 1958ರಲ್ಲಿ ಶುರುವಾದ ಖಾಜಾ ಶಿಕ್ಷಣ ಸಂಸ್ಥೆ ಬೆಳೆದು, 2018ರಲ್ಲಿ ಖಾಜಾ ಬಂದೇನವಾಜ್ ವಿಶ್ವವಿದ್ಯಾಲಯವೂ ಆಯಿತು. ದರ್ಗಾದ ಗ್ರಂಥಾಲಯದಲ್ಲಿ ಅರಬ್ಬಿ, ಪಾರಸಿ, ಉರ್ದು ಹಸ್ತಪ್ರತಿಗಳಿವೆ.

ತಲೆಗೆ ಟೋಪಿಯೋ ಕರವಸ್ತ್ರವೋ ಇರಲಿ, ಸೆರಗು ತಲೆಯ ಮೇಲಿರಲಿ. ಹೊಸ್ತಿಲು ತುಳಿಯಬೇಡಿ. ಹೊರಬರುವಾಗ ಗೋರಿಗೆ ಬೆನ್ನು ಮಾಡದೆ ಹಿಂದಡಿ ಇಡುವುದು ಹಲವರ ರೂಢಿ. ಬೇರೆ ಧರ್ಮದವರು ಫಾತೇಹಾ ಓದಬೇಕಿಲ್ಲ, ಕೈಮುಗಿದು ನಿಂತರೆ ಯಾರೂ ಏನೂ ಅನ್ನುವುದಿಲ್ಲ. ಒಳಗೆ ಫೋಟೊ ತೆಗೆಯುವ ಮುನ್ನ ಕೇಳಿ.

ಹೆಂಗಸರ ಪ್ರವೇಶದ ವಿಷಯದಲ್ಲಿ ದರ್ಗಾಗಳಲ್ಲಿ ಒಂದೇ ಪದ್ಧತಿ ಇಲ್ಲ. ಅಜ್ಮೀರದಲ್ಲಿ ಗೋರಿಯ ಹತ್ತಿರದವರೆಗೆ ಹೋಗಬಹುದು. ದಿಲ್ಲಿಯ ನಿಜಾಮುದ್ದೀನಿನಲ್ಲಿ ಜಾಲಂಧ್ರದ ಹೊರಗೇ ನಿಲ್ಲಬೇಕು. ಮುಂಬಯಿಯ ಹಾಜಿ ಅಲಿಯಲ್ಲಿ ಹಾಕಿದ್ದ ನಿರ್ಬಂಧವನ್ನು ಬಾಂಬೆ ಹೈಕೋರ್ಟ್ 2016ರಲ್ಲಿ ತೆಗೆದುಹಾಕಿತು. ಆದ್ದರಿಂದ ಮನೆಯವರೊಂದಿಗೆ ಹೋಗುವವರು ಗುಮ್ಮಟದ ಬಾಗಿಲಲ್ಲೇ ವಿಚಾರಿಸುವುದು ಒಳ್ಳೆಯದು. ಭಕ್ತಿಯನ್ನು ಮನೆಮನೆಗೆ ಮುಟ್ಟಿಸಿದವರನ್ನೇ ಗೋರಿಯಿಂದ ದೂರ ನಿಲ್ಲಿಸುವ ರೂಢಿ ಎಲ್ಲಿದ್ದರೂ ನನಗೆ ಒಗ್ಗುವುದಿಲ್ಲ, ಅದನ್ನು ಹೇಳದೆ ಬಿಡುವುದೂ ಸರಿಯಲ್ಲ.

ಉರುಸಿನ ಮೊದಲ ದಿನ, ಜಿಲ್ಕದ್ 15ರಂದು ಸಂದಲ್. ತೇದ ಗಂಧವನ್ನು ಮೆಹಬೂಬ್ ಗುಲ್ಶನ್ ಉದ್ಯಾನದಿಂದ ಮೆರವಣಿಗೆಯಲ್ಲಿ ತಂದು ಗೋರಿಗೆ ಲೇಪಿಸುತ್ತಾರೆ. ಮರುದಿನ ಚಿರಾಗಾಂ, ದೀಪಗಳ ದಿನ. ಕವಾಲಿ ನಡೆಯುತ್ತದೆ, ಹೊರಗೆ ಜಾತ್ರೆ ಅದಾದ ಮೇಲೂ ಮುಂದುವರಿಯುತ್ತದೆ. ಜನ ನೋಡಬೇಕು ಎಂದರೆ ಆಗ ಹೋಗಿ. ಸದ್ಯದ ವರ್ಷಗಳಲ್ಲಿ ಅದು ಏಪ್ರಿಲ್-ಮೇ ತಿಂಗಳಿಗೆ ಬೀಳುತ್ತದೆ, ಕಲಬುರಗಿಯ ಬಿಸಿಲು ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ; ಚಳಿಗಾಲಕ್ಕೆ ಬರಲು ಇನ್ನೂ ಹಲವು ವರ್ಷ ಕಾಯಬೇಕು. ಕಟ್ಟಡ ನೋಡಬೇಕು, ಸುಮ್ಮನೆ ಕೂರಬೇಕು ಎಂದರೆ ನವೆಂಬರಿನಿಂದ ಜನವರಿಯೊಳಗಿನ ಯಾವುದಾದರೂ ಬೆಳಿಗ್ಗೆ ಸಾಕು. ಗುರುವಾರ ಸಂಜೆ ಮಾತ್ರ ಜನ ಹೆಚ್ಚು. ಹತ್ತಿರದಲ್ಲೇ ಹಫ್ತ್ ಗುಂಬಜ್ ಇದೆ. ಅಲ್ಲಿಯ ಗೋರಿಗಳಲ್ಲಿ ಎಲ್ಲಕ್ಕಿಂತ ದೊಡ್ಡದಾದ ಜೋಡಿ ಗುಮ್ಮಟದ್ದು ಫಿರೋಜ್ ಶಾನದು. ಅದನ್ನೂ ಕೋಟೆಯೊಳಗಿನ 1367ರ ಜಾಮಿಯಾ ಮಸೀದಿಯನ್ನೂ ಸೇರಿಸಿಕೊಂಡರೆ ಒಂದು ದಿನ ಬೇಕು. ಶರಣಬಸವೇಶ್ವರರ ಗುಡಿಗೂ ಹೋಗುವವರು ಆಟೋದವರಿಗೆ ಮೊದಲೇ ಹೇಳಿ ದರ ಮಾತಾಡಿಕೊಳ್ಳಿ.